ಸೊಪ್ಪಿಗೆ ನಾನು ಜಾಮೀನು ನಿಂತೆ

ನಮ್ಮ ಶಿರಸಿ ಕಡೆ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ಕೊಯ್ಯುವ ಕಾಡು, ಇರುತ್ತದೆ. ನಮ್ಮ ಕೇರಿಯ ಬೆಟ್ಟದಲ್ಲಿ ಮತ್ತಿ, ಹೊನ್ನೆ ಮರಗಳೆಲ್ಲ ಸೊಪ್ಪು ಸವರಿ ಸವರಿ ಕಂಬದಂತಾಗಿದ್ದವು, ಬುಡದಲ್ಲಿ ಬರೀ ಯುಪಟೋರಿಯಂ ಕಳೆ. ಸುಮ್ಮನೆ ಬಿಟ್ಟರೆ ಕಾಡು ತಾನೇ ಏಳುತ್ತದೆ ಎಂದು ನಾನು ಹೇಳಿದಾಗ ಒಬ್ಬರೂ ನಂಬಲಿಲ್ಲ. ಈಗ 7 ಮನೆಯವರು ಸೇರಿ ಹತ್ತಿರ ಹತ್ತಿರ 30 ಎಕರೆ ಮುಟ್ಟದೆ ಬಿಟ್ಟಿದ್ದೇವೆ.

ಮೊದಲ ಎರಡು ವರ್ಷ ದಂಡ. 600 ಸಸಿ ತಂದು ಹಂಚಿದೆ. ದನ ತಿಂದು, ಬಿಸಿಲಿಗೆ ಒಣಗಿ ಐವತ್ತೋ ಅರವತ್ತೋ ಉಳಿದವು. ಆಳು ಹಚ್ಚಿ ತೋಡಿಸಿದ ಅಗಳಕ್ಕೆ (ಕಂದಕಕ್ಕೆ) 40 ಸಾವಿರದ ಮೇಲೆ ಹೋಯಿತು, ಆಷಾಢದ ಮಳೆಗೆ ಅರ್ಧ ಕುಸಿಯಿತು. ದೇವಸ್ಥಾನದಲ್ಲಿ ಸಭೆ ಕರೆದು ಕಾಡು, ಹಕ್ಕಿ, ಒರತೆ ಎಂದೆಲ್ಲ ಹೇಳಿದೆ. ಎಲೆ ಅಡಿಕೆಯ ಕವಳ ಹಾಕಿ ಎಲ್ಲರೂ ಎದ್ದರು. ಮೇಲಿನ ಮನೆ ಅಪ್ಪಚ್ಚಿ (ಚಿಕ್ಕಪ್ಪ) ಮಾತ್ರ ಹತ್ತಿರ ಬಂದು, "ತಮಾ, ಹಕ್ಕಿ ಇರ್ಲಿ. ನನ್ನ ತೋಟಕ್ಕೆ ಸೊಪ್ಪು ಯಾರು ಕೊಡ್ತ?" ಅಂದರು.

ಅವತ್ತು ಕಣ್ಣು ತೆರೆಯಿತು. ಅವರವರ ಬೆಟ್ಟದ ಮೂರರಲ್ಲೊಂದು ಪಾಲು ಮುಟ್ಟಬೇಡಿ, ಉಳಿದದ್ದರಲ್ಲಿ ತುದಿ ಬಿಟ್ಟು ಸವರಿ, ಕಡಿಮೆ ಬಿದ್ದಷ್ಟು ಸೊಪ್ಪಿನ ಹೊರೆ ಮೂರು ವರ್ಷ ನಾನು ಕೊಡುತ್ತೇನೆ ಎಂದು ಮನೆಮನೆಗೆ ಹೋಗಿ ಹೇಳಿದೆ. ಮೊದಲ ವರ್ಷ 40 ಹೊರೆ ಕೇಳಿದರು. ನನ್ನ ತೋಟಕ್ಕೆ ಕೊರತೆಯಾಗಿ 22 ಸಾವಿರದ ಗೊಬ್ಬರ ಕೊಂಡೆ, ಮನೆಯಲ್ಲಿ ಮಾತೂ ಕೇಳಿದೆ. ಎರಡನೇ ವರ್ಷ 14 ಹೊರೆ. ಮೂರನೇ ವರ್ಷ ಯಾರೂ ಕೇಳಲಿಲ್ಲ. ದರಕು (ಉದುರಿದ ಒಣ ಎಲೆ) ಗುಡಿಸದೆ ಬಿಟ್ಟ ಕಡೆ ಬೇರಿನಿಂದಲೇ ನಂದಿ, ಕಿಂದಳ ಮರಗಳು ಆಳೆತ್ತರ ಎದ್ದಿದ್ದವು. ಯಾರನ್ನು ಮೊದಲು ಒಪ್ಪಿಸಬೇಕು ಎಂಬುದರಲ್ಲೇ ಅರ್ಧ ಕೆಲಸವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದರೆ ಹೇಳುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕವಳಿಯ ಮುಳ್ಳುಮಟ್ಟಿಯ (ಪೊದೆಯ) ಒಳಗೆ ಹುಳಿಹಣ್ಣಿನ ಮರಗಳಾದ ಉಪ್ಪಾಗೆ, ಮುರುಗಲು (ಕೋಕಂ) ಬೀಜ ಊರಿದೆ. ದನ ಅಲ್ಲಿ ಬಾಯಿ ಹಾಕುವುದಿಲ್ಲ, ಬೇಲಿಯ ಖರ್ಚಿಲ್ಲ. ಮುರುಗಲು ಚೆನ್ನಾಗಿ ಬಂತು. ಉಪ್ಪಾಗೆ ತಿಂಗಳುಗಟ್ಟಲೆ ಏಳದೆ ಸತಾಯಿಸಿತು, ಹೆಗ್ಗಣವೂ ಸಾಕಷ್ಟು ತಿಂದಿತು. ಉಪ್ಪಿನಕಾಯಿಯ ಅಪ್ಪೆಮಿಡಿ ಮಾವು ಹಳ್ಳದ ಅಂಚಿನಲ್ಲಿ ಬಿಟ್ಟರೆ ಬೇರೆಲ್ಲೂ ನಿಲ್ಲಲಿಲ್ಲ.

ಈ ಸಲ ಇನ್ನೆರಡು ಮನೆಯವರು ಕೇಳಿದ್ದಾರೆ. ಸಂಕ್ರಾಂತಿಯೊಳಗೆ ಕಾಡಿನ ಬೆಂಕಿ ಹಬ್ಬದಂತೆ ತಡೆಯುವ ಬೆಂಕಿಗೆರೆ ಸವರಿ ಮುಗಿಸಿದರೆ ಮಾತ್ರ ಹೊರೆಯ ಜಾಮೀನು ಎಂದಿದ್ದೇನೆ. ಅಪ್ಪಚ್ಚಿ ತಮ್ಮ ಪಾಲಿನಿಂದ 10 ಹೊರೆ ಕೊಡಲು ಒಪ್ಪಿದ್ದಾರೆ.