ಆರೋಗ್ಯ ಸಿಬ್ಬಂದಿಯ ಲಸಿಕಾ ತರಬೇತಿ: ಮೌಲ್ಯಮಾಪನ ಮಾಡುವ ಬಗೆ

ತಾಲ್ಲೂಕು ಮಟ್ಟದ ತರಬೇತಿ ಮುಗಿದ ದಿನ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರಗಳಲ್ಲಿ ಬಹುತೇಕ ಎಲ್ಲರೂ ‘ಬಹಳ ಉಪಯುಕ್ತವಾಗಿತ್ತು’ ಎಂದೇ ಬರೆದಿರುತ್ತಾರೆ. ಹಾಜರಾತಿಗೂ ಊರಿಗೆ ಹೊರಡುವ ಬಸ್ಸಿಗೂ ನಡುವೆ ಬರೆದ ಆ ಸಾಲಿನಿಂದ ತರಬೇತಿಯ ಗುಣವನ್ನು ಅಳೆಯಲಾಗದು. ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ ಎಂಬ ನಾಲ್ಕು ಹಂತಗಳಲ್ಲಿ ನಮ್ಮ ಮೌಲ್ಯಮಾಪನ ಸಾಮಾನ್ಯವಾಗಿ ಎರಡನೆಯದಕ್ಕೇ ನಿಂತುಬಿಡುತ್ತದೆ. ನಿಜವಾದ ಕೆಲಸವಿರುವುದು ಮೂರನೆಯದರಲ್ಲಿ.

ಉಪಕೇಂದ್ರಗಳ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳಿಗೆ (ಹಳ್ಳಿಗಳಲ್ಲಿ ಲಸಿಕೆ ಹಾಕುವ ಆರೋಗ್ಯ ಸಹಾಯಕಿಯರು) ಲಸಿಕೆಯ ಬಗ್ಗೆ ತರಬೇತಿ ನೀಡುತ್ತಿದ್ದೀರಿ ಎಂದುಕೊಳ್ಳಿ. ತರಬೇತಿಗೆ ಮೊದಲೇ, ಅದರ ನಂತರ ಅವರು ಏನನ್ನು ಬೇರೆಯಾಗಿ ಮಾಡಬೇಕು ಎಂಬುದನ್ನು ಕಣ್ಣಿಗೆ ಕಾಣುವ ಕ್ರಿಯೆಗಳ ರೂಪದಲ್ಲಿ ಬರೆದಿಡಿ. ‘ಅರಿವು ಮೂಡಿಸುವುದು’ ಎಂಬ ಉದ್ದೇಶವನ್ನು ಯಾರೂ ಪರಿಶೀಲಿಸಲಾರರು. ‘ವಯಲ್ (ಹಲವು ಡೋಸ್‌ಗಳ ಲಸಿಕೆ ಸೀಸೆ) ತೆರೆದ ಕೂಡಲೇ ಅದರ ಮೇಲೆ ದಿನಾಂಕ ಮತ್ತು ಸಮಯ ಬರೆಯುವುದು’ ಎಂದಿದ್ದರೆ ಪರಿಶೀಲಿಸಬಹುದು.

ಒಂದೇ ಪ್ರಶ್ನೆಪತ್ರಿಕೆಯನ್ನು ತರಬೇತಿಗೆ ಮೊದಲೂ ನಂತರವೂ ಕೊಡಿ. ಕಳೆದ ಗುರುವಾರ ತೆರೆದ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ವಯಲನ್ನು ಈ ಗುರುವಾರ ಬಳಸಬಹುದೇ, ದಡಾರ–ರುಬೆಲ್ಲಾ ವಯಲನ್ನು ಬಳಸಬಹುದೇ ಎಂದು ಕೇಳಿ. ಸರಿಯಾದ ತಾಪಮಾನದಲ್ಲಿ ಕಾಪಾಡಿದ್ದು, ವಯಲ್ ಮೇಲಿನ ಶಾಖಸೂಚಕ (ಶಾಖ ತಗುಲಿದರೆ ಬಣ್ಣ ಬದಲಿಸುವ ಗುರುತು) ಸುಸ್ಥಿತಿಯಲ್ಲಿದ್ದರೆ ಮೊದಲನೆಯದನ್ನು 28 ದಿನಗಳವರೆಗೆ ಬಳಸಬಹುದು; ಎರಡನೆಯದನ್ನು ದ್ರಾವಣ ಬೆರೆಸಿದ 4 ಗಂಟೆಗಳ ನಂತರ ಬಳಸುವಂತಿಲ್ಲ. ಬಿಸಿಜಿ (ಕ್ಷಯದ ಲಸಿಕೆ) ಚುಚ್ಚುವ ಕೌಶಲವನ್ನು ಮಾತ್ರ ಕಾಗದದ ಮೇಲಲ್ಲ, ಪರಿಶೀಲನಾ ಪಟ್ಟಿ ಹಿಡಿದು ಕೈಯಲ್ಲಿ ಮಾಡಿಸಿಯೇ ನೋಡಬೇಕು.

ಸುಮಾರು ಮೂರು ತಿಂಗಳ ನಂತರ ಲಸಿಕಾ ದಿನದಂದು ಉಪಕೇಂದ್ರಗಳಿಗೆ ಹೋಗಿ. ಅವುಗಳನ್ನು ಚೀಟಿ ಎತ್ತಿ ಆರಿಸಿ, ಇಲ್ಲದಿದ್ದರೆ ಡಾಂಬರು ರಸ್ತೆಯ ಪಕ್ಕದ ಕೇಂದ್ರಗಳೇ ಪಟ್ಟಿಗೆ ಸೇರಿಕೊಳ್ಳುತ್ತವೆ. ಅಲ್ಲಿನ ಸಿಬ್ಬಂದಿಯ ಕಾರ್ಯವರದಿ ಬರೆಯುವ ಮೇಲಧಿಕಾರಿಯನ್ನು ವೀಕ್ಷಕರನ್ನಾಗಿ ಕಳುಹಿಸಬೇಡಿ. ಯಾರೇ ಹೋದರೂ ಮೊದಲ ಅರ್ಧ ಗಂಟೆ ಎಲ್ಲವೂ ನಿಯಮದಂತೆಯೇ ನಡೆಯುತ್ತದೆ, ಆದ್ದರಿಂದ ಶಿಬಿರ ಮುಗಿಯುವವರೆಗೂ ಕುಳಿತಿರುವುದು ಒಳ್ಳೆಯದು. ಲಸಿಕೆ ಹಾಕಿಸಿ ಅರ್ಧ ಗಂಟೆ ಕಾಯುತ್ತಿರುವ ತಾಯಂದಿರನ್ನು ಮಾತನಾಡಿಸಿ: ಇವತ್ತು ಯಾವ ಕಾಯಿಲೆಗೆ ಲಸಿಕೆ ಹಾಕಿದರು, ಮತ್ತೆ ಯಾವಾಗ ಬರಬೇಕು, ಮಗುವಿಗೆ ಜ್ವರ ಬಂದರೆ ಏನು ಮಾಡುತ್ತೀರಿ, ತಾಯಿ ಕಾರ್ಡನ್ನು ಏನು ಮಾಡಬೇಕೆಂದು ಹೇಳಿದ್ದಾರೆ? ಸಿಬ್ಬಂದಿ ಹೇಳಲೇಬೇಕಾದ ನಾಲ್ಕು ಸಂದೇಶಗಳು ತಾಯಿಯನ್ನು ತಲುಪಿವೆಯೇ ಎಂಬುದಕ್ಕೆ ರಿಜಿಸ್ಟರಿಗಿಂತ ಈ ಉತ್ತರಗಳು ನಂಬಲರ್ಹ.

ಲೋಪ ಕಂಡಾಗ ಕಾರಣವನ್ನು ಬಿಡಿಸಿ ನೋಡಿ. ಒಂದೇ ಮಗು ಬಂದಿದ್ದರೂ ದಡಾರ–ರುಬೆಲ್ಲಾ ವಯಲ್ ತೆರೆಯಬೇಕು ಎಂಬುದು ಸಿಬ್ಬಂದಿಗೆ ಗೊತ್ತಿರಬಹುದು; ಆದರೆ ಲಸಿಕೆ ವ್ಯರ್ಥವಾಯಿತೆಂದು ತಿಂಗಳ ಸಭೆಯಲ್ಲಿ ಬೈಸಿಕೊಂಡವರು ಮುಂದಿನ ವಾರ ಬನ್ನಿ ಎಂದು ತಾಯಿಯನ್ನು ಕಳುಹಿಸಿಬಿಡುತ್ತಾರೆ. ಇಂಥ ಲೋಪ ಮರುತರಬೇತಿಯಿಂದ ಸರಿಹೋಗುವುದಿಲ್ಲ. ಅದನ್ನು ವರದಿಯಲ್ಲಿ ಪ್ರತ್ಯೇಕವಾಗಿ ದಾಖಲಿಸಿ.

ಲಸಿಕಾ ಪ್ರಮಾಣ ಏರಿದರೆ ಅದರ ಶ್ರೇಯಸ್ಸನ್ನೆಲ್ಲ ತರಬೇತಿಗೆ ಕೊಡುವುದು ಅವಸರದ ತೀರ್ಮಾನ. ಖಾಲಿಯಿದ್ದ ಆಶಾ ಹುದ್ದೆ ತುಂಬಿದ್ದರಿಂದಲೂ ಅದು ಏರಿರಬಹುದು. ತರಬೇತಿ ತಂಡತಂಡವಾಗಿ ನಡೆಯುವುದರಿಂದ, ಇನ್ನೂ ಸರದಿ ಬಾರದ ತಂಡದ ಉಪಕೇಂದ್ರಗಳನ್ನೂ ಅದೇ ಅವಧಿಯಲ್ಲಿ ಅದೇ ಪರಿಶೀಲನಾ ಪಟ್ಟಿಯಿಂದ ನೋಡಿ ಹೋಲಿಸಿ. ವೆಚ್ಚದ ಲೆಕ್ಕದಲ್ಲಿ ಭತ್ಯೆ, ಊಟದ ಜೊತೆಗೆ, ಆ ದಿನಗಳಲ್ಲಿ ಉಪಕೇಂದ್ರದ ಕೆಲಸವನ್ನು ಯಾರು ನೋಡಿಕೊಂಡರು, ಯಾವ ಶಿಬಿರ ರದ್ದಾಯಿತು ಎಂಬುದನ್ನೂ ಸೇರಿಸಿ.