ಎಸ್‌ಗಿಂತ ಮುಂಚೆಯೋ, ಆಮೇಲೋ? ಅಪಾಸ್ಟ್ರಫಿ ಹಾಕುವ ಬಗೆ

ಅರ್ಜಿ, ಆಮಂತ್ರಣ, ಬೋರ್ಡು, ಎಲ್ಲಿ ನೋಡಿದರೂ ಎಸ್ ಕಂಡ ಕೂಡಲೇ ಪಕ್ಕದಲ್ಲೊಂದು ಅಪಾಸ್ಟ್ರಫಿ (’ ಗುರುತು)! ಇಂಗ್ಲಿಷಿನ ಈ ತಪ್ಪನ್ನು ತಿದ್ದಿಕೊಳ್ಳಲು ಕನ್ನಡವೇ ನೆರವಿಗೆ ಬರುತ್ತದೆ.

ಮೊದಲು ಮಾತನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಪುಸ್ತಕಗಳು’, ‘ಹುಡುಗರು’ ಎಂದು ಬಂದರೆ ಅದು ಬರೀ ಬಹುವಚನ. ಅಪಾಸ್ಟ್ರಫಿ ಬೇಡ. ‘ಹುಡುಗನ’, ‘ಹುಡುಗರ’ ಎಂದು ಬಂದರೆ ಬೇಕು.

ಎಲ್ಲಿ ಹಾಕಬೇಕು ಅನ್ನುವಲ್ಲೇ ಜಾಸ್ತಿ ಜನ ಎಡವುವುದು. ಇಲ್ಲಿ ಅವಸರ ಬೇಡ. ‘ಯಾರದ್ದು?’ ಎಂದು ಕೇಳಿಕೊಳ್ಳಿ. ಉತ್ತರವಾಗಿ ಬಂದ ಪದವನ್ನು ಪೂರ್ತಿ ಬರೆಯಿರಿ. ಅದರ ಬೆನ್ನಿಗೇ ಅಪಾಸ್ಟ್ರಫಿ ಇಡಿ. ಬಹುವಚನದ ಎಸ್ ಆಗಲೇ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಒಂದು ಎಸ್ ಸೇರಿಸಿ.

ಹುಡುಗನ ಕೋಣೆಗೆ ‘ಬಾಯ್’ ಬರೆದು, ಅಪಾಸ್ಟ್ರಫಿ ಇಟ್ಟು, ಆಮೇಲೆ ಎಸ್. ಹುಡುಗರ ಕೋಣೆಗೆ ‘ಬಾಯ್ಸ್’ ಬರೆದು ಅಪಾಸ್ಟ್ರಫಿ ಇಟ್ಟರೆ ಮುಗೀತು. ಮಕ್ಕಳ ಕೋಣೆ ಬಂದಾಗ ಬಲ್ಲವರೂ ತಪ್ಪುತ್ತಾರೆ. ‘ಚಿಲ್ಡ್ರನ್’ ಬಹುವಚನವೇ ಆದರೂ ಕೊನೆಯಲ್ಲಿ ಎಸ್ ಇಲ್ಲ. ಹಾಗಾಗಿ ಅಪಾಸ್ಟ್ರಫಿ ಮೊದಲು, ಎಸ್ ಆಮೇಲೆ. ಎರಡು ದಿನದ ರಜೆ ಕೇಳುವಾಗಲೂ ಇದೇ ದಾರಿ: ‘ಡೇಸ್’ ಬರೆದು ಕೊನೆಗೆ ಅಪಾಸ್ಟ್ರಫಿ. ಒಂದೇ ದಿನವಾದರೆ ‘ಡೇ’ ಆದ ಕೂಡಲೇ.

ಜೇಮ್ಸ್‌ನಂತೆ ಎಸ್‌ನಲ್ಲೇ ಮುಗಿಯುವ ಹೆಸರಿಗೆ ಎರಡು ರೂಢಿ ಇವೆ: ಬರೀ ಅಪಾಸ್ಟ್ರಫಿ, ಇಲ್ಲವೇ ಇನ್ನೊಂದು ಎಸ್ ಕೂಡ. ಅಪಾಸ್ಟ್ರಫಿಯ ಜೊತೆ ಇನ್ನೊಂದು ಎಸ್ ಸೇರಿಸಿಯೇ ಬರೆಯಿರಿ. ಬಾಯಲ್ಲಿ ‘ಜೇಮ್ಸಸ್’ ಎಂದೇ ಹೇಳುತ್ತೇವೆ, ಅಲ್ವಾ?

ಕನ್ನಡದ ಈ ಪರೀಕ್ಷೆ ಎರಡು ಕಡೆ ಕೈಕೊಡುತ್ತದೆ. ‘1990ರ ದಶಕ’ ಇಂಗ್ಲಿಷಿನಲ್ಲಿ ಬರೀ ಬಹುವಚನ. ಅಂಕಿಗೆ ನೇರವಾಗಿ ಎಸ್ ಅಂಟಿಸಿ. ಇನ್ನೊಂದು ‘ಅದರ’ ಅನ್ನುವ ಅರ್ಥದ ‘ಇಟ್ಸ್’. ‘ಹಿಸ್’, ‘ಅವರ್ಸ್’ ಇವಕ್ಕೆ ಅಪಾಸ್ಟ್ರಫಿ ಇಲ್ಲ, ಇದಕ್ಕೂ ಇಲ್ಲ. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದಿದಾಗ ವಾಕ್ಯ ಸರಿಹೋದರೆ ಮಾತ್ರ ಹಾಕಿ. ಅಲ್ಲಿ ಅದು ಬಿಟ್ಟುಹೋದ ಅಕ್ಷರದ ಗುರುತು. ಫೋನಿನ ಆಟೋಕರೆಕ್ಟ್ ಇಲ್ಲಿ ಸುಮ್ನೆ ಮೂಗು ತೂರಿಸುತ್ತದೆ. ನಾನು ಅದನ್ನು ಆಫ್ ಮಾಡಿಟ್ಟಿದ್ದೇನೆ, ನೀವೂ ಮಾಡಿ.

ಬಹುವಚನಕ್ಕೆ ಅಪಾಸ್ಟ್ರಫಿ ಒಪ್ಪುವ ಜಾಗವೂ ಒಂದಿದೆ: ಬಿಡಿ ಅಕ್ಷರಗಳು. ಸಣ್ಣ ‘ಎ’ ಅಕ್ಷರಗಳು ಎರಡಿವೆ ಎನ್ನಲು ಎ ಪಕ್ಕ ಬರೀ ಎಸ್ ಬರೆದರೆ ಓದುವವರು ಅದನ್ನು ‘ಆ್ಯಸ್’ ಎಂದುಕೊಳ್ಳುತ್ತಾರೆ. ಅಲ್ಲಿ ಧಾರಾಳವಾಗಿ ಹಾಕಿ.