ಸ್ಯಾಟ್ ಸಾಲ್ವರ್‌ನ ಒಂದೊಂದೇ ಭಾಗ ಕಳಚಿ ನೋಡಿದ್ದು: ನನ್ನ ಅನುಭವ

ನಿಜ-ಸುಳ್ಳು ಬೆಲೆಯ ವೇರಿಯಬಲ್‌ಗಳ ಮೇಲಿನ ಷರತ್ತುಗಳೆಲ್ಲ ಒಟ್ಟಿಗೆ ಈಡೇರುತ್ತವೆಯೇ ಎಂದು ಹುಡುಕುವ ಪ್ರೋಗ್ರಾಮೇ ಸ್ಯಾಟ್ ಸಾಲ್ವರ್. ಒಂದೊಂದು ಷರತ್ತೂ ಒಂದು ಕ್ಲಾಝ್: ಅದರಲ್ಲಿರುವ ಲಿಟರಲ್‌ಗಳಲ್ಲಿ (ವೇರಿಯಬಲ್ ಅಥವಾ ಅದರ ನಿಷೇಧ) ಒಂದಾದರೂ ನಿಜವಾಗಬೇಕು. ಈಗಿನ ಸ್ಯಾಟ್ ಸಾಲ್ವರ್‌ಗಳು ಯಾಕೆ ಇಷ್ಟು ಚೆನ್ನಾಗಿ ಓಡುತ್ತವೆ ಎಂದು ಕೇಳಿದರೆ "ಕ್ಲಾಝ್ ಲರ್ನಿಂಗ್" (ದಾರಿ ತಪ್ಪಿದಾಗಲೆಲ್ಲ ಅದರ ಕಾರಣವನ್ನು ಹೊಸ ಕ್ಲಾಝ್ ಆಗಿ ಕಲಿಯುವುದು) ಎನ್ನುತ್ತಾರೆ, ಇಲ್ಲವೇ "ನಿಜವಾದ ಸಮಸ್ಯೆಗಳಲ್ಲಿ ಒಂದು ರಚನೆ ಇರುತ್ತದೆ" ಎನ್ನುತ್ತಾರೆ. ಎರಡೂ ಸರಿಯೇ, ಆದರೆ ಎರಡರಿಂದಲೂ ಕೈಗೆ ಏನೂ ಹತ್ತುವುದಿಲ್ಲ. ಒಂದೇ ಸಾಲ್ವರ್ ಇಟ್ಟುಕೊಂಡು, ಒಂದೊಂದೇ ಭಾಗ ಕಳಚಿ, ಅದೇ ಫೈಲುಗಳ ಮೇಲೆ ಓಡಿಸಿ ನೋಡೋಣ ಎಂದಾಗ ಬಲ್ಲವರೇ ಒಪ್ಪಲಿಲ್ಲ. ಭಾಗಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಬಿಡಿಸಲು ಬರುವುದಿಲ್ಲ ಎಂಬುದು ಅವರ ವಾದ. ಮೊದಲ ಎರಡು ಸುತ್ತು ಅವರು ಹೇಳಿದಂತೆಯೇ ಆಯಿತು. ಮೂರನೆಯದರಲ್ಲಿ ಗಂಟು ಬಿಚ್ಚಿಕೊಂಡಿತು.

ಬುಡಕ್ಕೆ ತೆಗೆದುಕೊಂಡಿದ್ದು ಮಿನಿಸ್ಯಾಟ್ 2.2 ಎಂಬ ಸಾಲ್ವರ್, ಅದರಲ್ಲೂ ಪ್ರಿಪ್ರೊಸೆಸಿಂಗ್ (ಹುಡುಕಾಟಕ್ಕೆ ಮುಂಚೆ ಫೈಲನ್ನು ಸರಳಗೊಳಿಸುವುದು) ಇಲ್ಲದ ಕೋರ್ ಆವೃತ್ತಿ. ಕಿಸ್ಸಾಟ್, ಕ್ಯಾಡಿಕಲ್ ಎಂಬ ಹೊಸ ಸಾಲ್ವರ್‌ಗಳು ಇದಕ್ಕಿಂತ ಎಷ್ಟೋ ವೇಗ. ಆದರೆ ಅವುಗಳಲ್ಲಿ ಇನ್‌ಪ್ರೊಸೆಸಿಂಗ್ (ಹುಡುಕಾಟದ ಜೊತೆಗೇ ಮಾಡುವ ಸರಳೀಕರಣ) ನಡುನಡುವೆ ನುಗ್ಗುವುದರಿಂದ ಯಾವ ಫಲ ಯಾವುದರದ್ದು ಎಂದು ಹೇಳಲಾಗದು. ಫೈಲುಗಳು ಸುಮಾರು 200: ಬೌಂಡೆಡ್ ಮಾಡೆಲ್ ಚೆಕಿಂಗ್ (ಇಷ್ಟು ಹೆಜ್ಜೆಗಳೊಳಗೆ ವ್ಯವಸ್ಥೆ ತಪ್ಪುತ್ತದೆಯೇ ಎಂಬ ಪರೀಕ್ಷೆ), ಸರ್ಕ್ಯೂಟ್ ಸಮಾನತೆ, ಪ್ಲಾನಿಂಗ್, ಸ್ವಲ್ಪ ಕ್ರಿಪ್ಟೊ. ಹೋಲಿಕೆಗೆಂದು ವೇರಿಯಬಲ್ ಒಂದಕ್ಕೆ 4.26 ಕ್ಲಾಝ್ ಅನುಪಾತದ ರ‍್ಯಾಂಡಮ್ 3-ಸ್ಯಾಟ್ (ಪ್ರತಿ ಕ್ಲಾಝ್‌ನಲ್ಲಿ ಮೂರು ಲಿಟರಲ್).

ಮೊದಲ ಸುತ್ತು ಪೂರಾ ನೀರುಪಾಲು. ಪ್ರತಿ ಫೈಲಿಗೂ ಐದು ಸೀಡ್ (ರ‍್ಯಾಂಡಮ್ ಆಯ್ಕೆಗಳನ್ನು ಬದಲಿಸುವ ಸಂಖ್ಯೆ) ಕೊಟ್ಟು ಓಡಿಸಿದರೆ ಐದರಲ್ಲೂ ಕಾನ್‌ಫ್ಲಿಕ್ಟ್ (ಊಹೆಗಳು ಒಂದು ಕ್ಲಾಝ್ ಅನ್ನು ಸುಳ್ಳಾಗಿಸುವುದು) ಸಂಖ್ಯೆ ಒಂದೇ! ಈ ಆವೃತ್ತಿಯಲ್ಲಿ ರ‍್ಯಾಂಡಮ್ ಆಯ್ಕೆಯ ಪ್ರಮಾಣ ಡಿಫಾಲ್ಟ್ ಆಗಿ ಸೊನ್ನೆ, ಸೀಡ್ ಬದಲಿಸಿದರೆ ಏನೂ ಬದಲಾಗುವುದಿಲ್ಲ. ಆರಂಭದ ಆಕ್ಟಿವಿಟಿಯನ್ನು (ಯಾವ ವೇರಿಯಬಲ್ ಮೊದಲು ಆರಿಸಬೇಕೆಂದು ಹೇಳುವ ಅಂಕ) ರ‍್ಯಾಂಡಮ್ ಮಾಡುವ ಆಯ್ಕೆಯನ್ನೂ ಆನ್ ಮಾಡಬೇಕು. ಅದರ ಬದಲು ವೇರಿಯಬಲ್ ನಂಬರುಗಳನ್ನೇ ಕಲಸಿದರೆ ಇನ್ನೊಂದು ತೊಂದರೆ. ಸರ್ಕ್ಯೂಟ್‌ನಿಂದ ಬಂದ ಫೈಲಿನಲ್ಲಿ ಆ ನಂಬರುಗಳ ಕ್ರಮವೇ ಒಂದು ಸುಳಿವು, ಅದು ಅಳಿದುಹೋಗುತ್ತದೆ.

ಎರಡನೇ ಸುತ್ತಿನಲ್ಲಿ ಹಣ ಉಳಿಸಲು ಬಾಡಿಗೆಯ ಒಂದು ಮಷೀನಿನಲ್ಲಿ ಎಂಟು ಓಟ ಒಟ್ಟಿಗೆ ಹಾಕಿದ್ದು ತಪ್ಪಾಯಿತು. ವಾಚ್ ಲಿಸ್ಟ್ (ಯಾವ ಲಿಟರಲ್ ಬದಲಾದರೆ ಯಾವ ಕ್ಲಾಝ್ ನೋಡಬೇಕೆಂಬ ಪಟ್ಟಿ) ಓಡಾಟವೆಲ್ಲ ಮೆಮೊರಿಯ ಮೇಲೆ ನಿಂತಿದೆ. ಎಲ್3 ಕ್ಯಾಶ್ ಹಂಚಿಕೊಂಡ ಕೂಡಲೇ ಪ್ರೊಪಗೇಶನ್ (ಒಂದು ಊಹೆಯಿಂದ ಅನಿವಾರ್ಯವಾಗುವ ಬೆಲೆಗಳನ್ನು ತುಂಬುವುದು) ವೇಗ ಮೂರನೇ ಒಂದು ಭಾಗದಷ್ಟು ಬಿತ್ತು, ಅದೂ ದೊಡ್ಡ ಫೈಲುಗಳಲ್ಲಿ ಹೆಚ್ಚು, ಚಿಕ್ಕವುಗಳಲ್ಲಿ ಕಡಿಮೆ. ಹೋಲಿಕೆಗೆ ಅರ್ಥವೇ ಉಳಿಯಲಿಲ್ಲ. ಒಟ್ಟು 9 ಸಾವಿರ ಕೋರ್-ಗಂಟೆ ಸುಟ್ಟಿದ್ದರೆ ಅದರಲ್ಲಿ ಮೂರನೇ ಎರಡು ಭಾಗ ಈ ಎರಡು ಸುತ್ತಿಗೇ ಹೋಯಿತು.

ಮೂರನೆಯದಕ್ಕೆ ಮುಂಚೆ ಫೈಲುಗಳನ್ನು ಜರಡಿ ಹಿಡಿದೆ. ಐದು ಸೆಕೆಂಡಿನೊಳಗೆ ಮುಗಿಯುವವು ಹೊರಗೆ, ಸಾಲ್ವರ್‌ನ ಯಾವ ರೂಪಕ್ಕೂ (ಪೂರ್ತಿ ಇರುವುದು, ಒಂದೊಂದು ಭಾಗ ಕಳಚಿದವು) ಬಗ್ಗದವು ಹೊರಗೆ. ಉಳಿದದ್ದು 70ರ ಆಸುಪಾಸು. ಆರು ರೂಪ, ಹತ್ತು ಸೀಡ್, ಓಟಕ್ಕೆ 1800 ಸೆಕೆಂಡ್ ಮಿತಿ. ಎಲ್ಲವೂ ಮಿತಿ ಮುಟ್ಟಿದರೂ 2100 ಕೋರ್-ಗಂಟೆ ದಾಟುವುದಿಲ್ಲ. ಜರಡಿಯ ಓಟಗಳನ್ನು ಅರ್ಧದಲ್ಲೇ ನಿಲ್ಲಿಸಲು ಯಾವ ಲಕ್ಷಣ ನೋಡಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅರ್ಧ ಬಾಡಿಗೆ ಉಳಿದದ್ದು ಅದರಿಂದಲೇ.

ಎಲ್ಲರೂ ಎಡವುವ ಜಾಗ ಲರ್ನಿಂಗ್. ಅದನ್ನು ಸುಮ್ಮನೆ ಕಿತ್ತುಹಾಕಿದರೆ ಬ್ಯಾಕ್‌ಜಂಪ್ (ತಪ್ಪಿಗೆ ಕಾರಣವಾದ ಊಹೆಗೇ ನೇರ ಹಿಂದಿರುಗುವುದು) ಹೋಗುತ್ತದೆ, ವಿಎಸ್‌ಐಡಿಎಸ್ ಬಂಪ್ (ಕಾನ್‌ಫ್ಲಿಕ್ಟ್‌ನಲ್ಲಿ ಸಿಕ್ಕ ವೇರಿಯಬಲ್‌ಗಳ ಆಕ್ಟಿವಿಟಿ ಏರಿಸುವುದು) ಕೂಡ ಹೋಗುತ್ತದೆ. ಯಾಕೆಂದರೆ ಮೂರಕ್ಕೂ ಅನ್ನ ಹಾಕುವುದು ಅದೇ ಕಾನ್‌ಫ್ಲಿಕ್ಟ್ ವಿಶ್ಲೇಷಣೆ. ಆಮೇಲೆ "ಲರ್ನಿಂಗ್ ತೆಗೆದರೆ ಎಲ್ಲ ಬಿದ್ದುಹೋಯಿತು" ಎಂದರೆ ಬಿದ್ದದ್ದು ಯಾವುದು? ಸರಿಯಾದ ದಾರಿ ಹೀಗೆ: ವಿಶ್ಲೇಷಣೆ, ಬ್ಯಾಕ್‌ಜಂಪ್, ಬಂಪ್ ಮೂರನ್ನೂ ಹಾಗೇ ಬಿಡಿ. ಕಲಿತ ಕ್ಲಾಝ್ ಯಾವುದೋ ಲಿಟರಲ್‌ಗೆ ರೀಸನ್ (ಅದರ ಬೆಲೆ ನಿಶ್ಚಯಿಸಿದ ಕ್ಲಾಝ್) ಆಗಿರುವವರೆಗೆ ಇಟ್ಟುಕೊಂಡು, ಆ ಲಿಟರಲ್ ಬಿಡುಗಡೆಯಾದೊಡನೆ ಎಸೆಯಿರಿ. ಜೊತೆಗೆ ರೀಸ್ಟಾರ್ಟ್ (ಊಹೆಗಳನ್ನೆಲ್ಲ ಬಿಟ್ಟು ಮೊದಲಿಂದ ಹುಡುಕುವುದು) ನಿಲ್ಲಿಸಿ, ಇಲ್ಲದಿದ್ದರೆ ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತಾ ಓಟ ಮುಗಿಯುವುದೇ ಇಲ್ಲ.

ಅಂಕಿಗಳು ನೆನಪಿನಿಂದ. ಪೂರ್ತಿ ರೂಪ 70ರಲ್ಲಿ 60ರಷ್ಟು ಬಿಡಿಸಿತು. ಕ್ಲಾಝ್ ಉಳಿಸಿಕೊಳ್ಳದೆ ಹತ್ತು-ಹನ್ನೆರಡು. ವಿಎಸ್‌ಐಡಿಎಸ್ ಬದಲು ವೇರಿಯಬಲ್ ಎಷ್ಟು ಕಡೆ ಬರುತ್ತದೆ ಎಂಬ ಸ್ಥಿರ ಕ್ರಮ ಹಾಕಿದರೆ 25. 2001ರಲ್ಲಿ ಚಾಫ್ ಎಂಬ ಸಾಲ್ವರ್ ತಂದ ಎರಡು-ವಾಚ್ ವಿಧಾನ (ಪ್ರತಿ ಕ್ಲಾಝ್‌ನಲ್ಲಿ ಎರಡೇ ಲಿಟರಲ್ ಗಮನಿಸುವುದು) ತೆಗೆದು, ಪ್ರತಿ ಕ್ಲಾಝ್‌ನಲ್ಲೂ ಸುಳ್ಳಾಗದೆ ಉಳಿದ ಲಿಟರಲ್ ಎಣಿಸುವ ಕೌಂಟರ್ ಹಾಕಿದರೆ ಸೆಕೆಂಡಿಗೆ ಆಗುವ ಪ್ರೊಪಗೇಶನ್ ಐದಾರು ಪಟ್ಟು ಇಳಿದು 45ರ ಹತ್ತಿರ. ಇಲ್ಲಿ ಕಾನ್‌ಫ್ಲಿಕ್ಟ್ ಸಂಖ್ಯೆ ಹೋಲಿಸಬೇಡಿ, ಪ್ರೊಪಗೇಶನ್ ಕ್ರಮ ಬದಲಾದರೆ ಹುಡುಕಾಟದ ದಾರಿಯೂ ಬದಲಾಗುತ್ತದೆ. ರೀಸ್ಟಾರ್ಟ್ ಒಂದನ್ನೇ ತೆಗೆದರೆ ಹೋದದ್ದು ಬೆರಳೆಣಿಕೆಯಷ್ಟು, ಫೇಸ್ ಸೇವಿಂಗ್ (ವೇರಿಯಬಲ್‌ಗೆ ಹಿಂದೆ ಕೊಟ್ಟ ಬೆಲೆಯನ್ನೇ ಮತ್ತೆ ಕೊಡುವುದು) ಒಂದನ್ನೇ ತೆಗೆದರೂ ಹಾಗೇ.

ಕೊನೆಯ ಎರಡನ್ನು ನೋಡಿ ಅವು ಮುಖ್ಯವಲ್ಲ ಎಂದುಕೊಂಡರೆ ಮೋಸಹೋದಂತೆ. ಮಿನಿಸ್ಯಾಟ್‌ನ ರೀಸ್ಟಾರ್ಟ್ ವೇಳಾಪಟ್ಟಿಯಾದ 100ರ ಲೂಬಿ ಕ್ರಮ ತೆಗೆದು, ಗ್ಲೂಕೋಸ್ ಎಂಬ ಸಾಲ್ವರ್‌ನಂತೆ ಕಳೆದ 50 ಎಲ್‌ಬಿಡಿಗಳ (ಕಲಿತ ಕ್ಲಾಝ್ ಮುಟ್ಟುವ ಲೆವೆಲ್‌ಗಳ, ಅಂದರೆ ಊಹೆಯ ಹಂತಗಳ, ಸಂಖ್ಯೆ) ಸರಾಸರಿ ನೋಡಿ ಪದೇ ಪದೇ ರೀಸ್ಟಾರ್ಟ್ ಮಾಡಿಸಿ, ಆಮೇಲೆ ಫೇಸ್ ಸೇವಿಂಗ್ ಕಿತ್ತರೆ ಹದಿನೈದಕ್ಕೂ ಹೆಚ್ಚು ಫೈಲು ಕೈತಪ್ಪಿದವು. ಬೇಗ ಬೇಗ ಹಿಂದಿರುಗಬೇಕಾದರೆ ಬಿಟ್ಟ ಜಾಗ ನೆನಪಿರಬೇಕು. ಇಂಥ ಜೋಡಿಗಳನ್ನು ಒಟ್ಟಿಗೇ ಕಳಚಬೇಕು. ಬಲ್ಲವರ ಆಕ್ಷೇಪಕ್ಕೆ ಉತ್ತರ ಸಿಕ್ಕಿದ್ದು ಇಲ್ಲೇ: ಹೆಣೆದುಕೊಂಡಿರುವುದು ನಿಜ, ಆದರೆ ಎಲ್ಲವೂ ಎಲ್ಲದರೊಂದಿಗೂ ಅಲ್ಲ.

ರ‍್ಯಾಂಡಮ್ ಫೈಲುಗಳಲ್ಲಿ ಕ್ಲಾಝ್ ಉಳಿಸಿಕೊಂಡದ್ದಕ್ಕೆ ಲಾಭ ಬಲು ಕಡಿಮೆ. ಲಕ್ಷಗಟ್ಟಲೆ ವೇರಿಯಬಲ್ ಇರುವ ಮಾಡೆಲ್ ಚೆಕಿಂಗ್ ಫೈಲು ನಿಮಿಷಗಳಲ್ಲಿ ಮುಗಿದರೆ, ಉತ್ತರವಿಲ್ಲದ ರ‍್ಯಾಂಡಮ್ ಫೈಲು ಕೆಲವು ನೂರು ವೇರಿಯಬಲ್‌ಗೇ ಮುಗಿಯದೆ ನಿಲ್ಲುತ್ತದೆ. ಇದನ್ನು ಇನ್ನಷ್ಟು ಕೆದಕಲು ಮಾಡೆಲ್ ಚೆಕಿಂಗ್ ಫೈಲುಗಳನ್ನೇ ಹಾಳುಮಾಡಿದೆ. ಕ್ಲಾಝ್ ಉದ್ದ, ಪ್ರತಿ ಲಿಟರಲ್ ಬರುವ ಸಲ ಎರಡನ್ನೂ ಹಾಗೇ ಇಟ್ಟು, ಕ್ಲಾಝ್‌ಗಳ ನಡುವೆ ಲಿಟರಲ್ ಅದಲುಬದಲು. ಕೆಲವು ತಕ್ಷಣ ಅನ್‌ಸ್ಯಾಟ್ (ಉತ್ತರವಿಲ್ಲದವು) ಆದವು, ಅವನ್ನು ಬಿಟ್ಟೆ. ಉಳಿದವುಗಳಲ್ಲಿ ಮೊದಲು ಆರೇಳು ಇದ್ದ ಸರಾಸರಿ ಎಲ್‌ಬಿಡಿ 20 ದಾಟಿತು, ಓಟವೂ ಮುಗಿಯಲಿಲ್ಲ. ಗಾತ್ರ ಅದೇ, ಎಣಿಕೆ ಅದೇ. ರಚನೆ ಇದ್ದಲ್ಲಿ ಕಲಿತ ಕ್ಲಾಝ್ ಕೆಲವೇ ಲೆವೆಲ್‌ಗಳನ್ನು ಮುಟ್ಟುತ್ತದೆ, ಹಾಗಾಗಿ ಬೇಗ ಮತ್ತೆ ಕೆಲಸಕ್ಕೆ ಬರುತ್ತದೆ. "ರಚನೆ" ಎಂಬ ಮಾತಿಗೆ ಅಳೆಯಬಹುದಾದ ಅರ್ಥ ನನಗೆ ಸಿಕ್ಕಿದ್ದು ಇದರಲ್ಲಿ.

ರಚನೆ ಇದ್ದರೂ ಸಾಲದ ಜಾಗಗಳಿವೆ. ಪಾರಿವಾಳ-ಗೂಡು ಫೈಲುಗಳಿಗೆ (ಗೂಡುಗಳಿಗಿಂತ ಒಂದು ಹೆಚ್ಚು ಪಾರಿವಾಳವನ್ನು ಗೂಡಿಗೊಂದರಂತೆ ಕೂರಿಸಿ ಎನ್ನುವವು) ಯಾವ ಸೆಟ್ಟಿಂಗೂ ನಾಟಲಿಲ್ಲ. ಕಲಿತ ಕ್ಲಾಝ್‌ಗಳೆಲ್ಲ ರೆಸಲ್ಯೂಶನ್‌ನಿಂದಲೇ (ಎರಡು ಕ್ಲಾಝ್ ಸೇರಿಸಿ ಹೊಸದೊಂದನ್ನು ಪಡೆಯುವ ನಿಯಮ) ಹುಟ್ಟಿದವು, ಅಲ್ಲಿ ರೆಸಲ್ಯೂಶನ್ ಪ್ರೂಫ್ ಘಾತೀಯವಾಗಿ ಬೆಳೆಯಲೇಬೇಕು ಎಂದು ಹೇಕನ್ 1985ರಲ್ಲೇ ತೋರಿಸಿದ್ದಾರೆ. ಎರಡು ಬಗೆಯ ಮಲ್ಟಿಪ್ಲೈಯರ್ ಸಮಾನವೇ ಎಂದು ಕೇಳುವ ಫೈಲುಗಳೂ ಅಷ್ಟೇ ಮೊಂಡು, ಒಂದೊಂದು ಬಿಟ್ ಸೇರಿದಾಗಲೂ ಸಮಯ ಹಲವು ಪಟ್ಟು ಏರುತ್ತದೆ.

ಇದನ್ನು ಮಾಡಹೊರಟರೆ ಮೊದಲ ದಿನವೇ ಕೋಡಿಗೆ ಡ್ರ್ಯಾಟ್ ಪ್ರೂಫ್ (ಅನ್‌ಸ್ಯಾಟ್ ಉತ್ತರ ಸರಿಯೇ ಎಂದು ಬೇರೆ ಪ್ರೋಗ್ರಾಮ್ ಪರೀಕ್ಷಿಸಬಲ್ಲ ದಾಖಲೆ) ಬರೆಯುವ ಸಾಲುಗಳನ್ನು ಸೇರಿಸಿ, ಪ್ರತಿ ಅನ್‌ಸ್ಯಾಟ್ ಉತ್ತರವನ್ನೂ ಚೆಕ್ಕರ್‌ನಲ್ಲಿ ಹಾಯಿಸಿ. ಬ್ಯಾಕ್‌ಟ್ರ್ಯಾಕ್ ಮಾಡುವಾಗ ಒಂದು ಕೌಂಟರ್ ಏರಿಸುವುದು ಬಿಟ್ಟುಹೋಗಿ, ನನ್ನ ಕೌಂಟರ್ ರೂಪ ಉತ್ತರವಿದ್ದ ನಾಲ್ಕು ಫೈಲುಗಳನ್ನು ಅನ್‌ಸ್ಯಾಟ್ ಎಂದಿತ್ತು, ಅದೂ ಎಲ್ಲ ರೂಪಗಳಿಗಿಂತ ವೇಗವಾಗಿ.